ರತ್ನಾಕರಣ್ಣನ ಥರ್ಮೋಸ್ಟಾಟ್ ಕಡತ

ನನ್ನ ಷಡ್ಡಕ ರತ್ನಾಕರಣ್ಣ ಮನೆಯಲ್ಲಿ ಏನೇ ನಡೆದರೂ ಅದಕ್ಕೊಂದು ಕಡತ ತೆರೆಯುವ ಮನುಷ್ಯ. ತೆಂಗಿನಕಾಯಿ ತುರಿಯುವ ಮಣೆ ಕೆಟ್ಟರೆ ಒಂದು ಕಡತ. ಕೆಲಸದವಳು ರಜೆ ಹಾಕಿದರೆ ಒಂದು. ಹೆಂಡತಿ ಗೌರಕ್ಕನ ಮಂಡಿನೋವಿಗೆ ಎರಡು, ಯಾಕೆಂದರೆ ಮಂಡಿಗಳು ಎರಡು. ಪ್ರತಿ ಹಾಳೆಯ ಬಲಮೂಲೆಯಲ್ಲಿ ಕೆಂಪು ಶಾಯಿಯ ಪುಟಸಂಖ್ಯೆ, ಹಾಳೆಯ ಕೆಳಗೆ ಕಾರ್ಬನ್ ಕಾಗದ, ಅದರ ಕೆಳಗೆ ಇನ್ನೊಂದು ಹಾಳೆ. ಆ ಇನ್ನೊಂದು ಹಾಳೆಗೆ ‘ಆಫೀಸ್ ಕಾಪಿ’ ಎಂದು ಹೆಸರು. ಅದು ಉಕ್ಕಿನ ಕಪಾಟಿನಲ್ಲಿ ಬೀಗದೊಳಗೆ ಇರುತ್ತದೆ. ಆಫೀಸು ಬಿಟ್ಟು ಆರು ವರ್ಷವಾಯಿತು, ಕಾಪಿ ಮಾತ್ರ ಬಿಟ್ಟಿಲ್ಲ.

ನಾವೆಲ್ಲ ಕಾಸರಗೋಡಿನವರು. ಗೌರಕ್ಕನ ತಂಗಿ ವಿನೋದಾ ನನ್ನ ಹೆಂಡತಿ. ನಾನು ಎರ್ನಾಕುಲಂನಲ್ಲಿ ವಕೀಲ. ರತ್ನಾಕರಣ್ಣ ತಿರುವನಂತಪುರದ ಸೆಕ್ರೆಟೇರಿಯಟ್ಟಿನಲ್ಲಿ ಕನ್ನಡ ಅನುವಾದಕರಾಗಿ ಮೂವತ್ತೊಂದು ವರ್ಷ ಸವೆದು, ನಿವೃತ್ತರಾದ ಮೇಲೆ ಕಾಕ್ಕನಾಡಿನಲ್ಲಿ ಫ್ಲ್ಯಾಟು ಕೊಂಡು ನನ್ನ ನೆಮ್ಮದಿ ಹಾಳುಮಾಡಲೆಂದೇ ಹತ್ತಿರ ಬಂದು ಕೂತವರು. ನೀವು ಅನುವಾದಿಸಿದ್ದನ್ನು ಯಾರಾದರೂ ಓದುತ್ತಾರಾ ಎಂದು ಒಮ್ಮೆ ಕೇಳಿದ್ದೆ.

“ಅದು ಓದ್ಲಿಕ್ಕೆ ಅಲ್ಲ ಮಾರಾಯ,” ಎಂದರು. “ಫೈಲಿಗೆ.”

ಅವರ ಇನ್ನೊಂದು ಗುಣ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರು ಏನನ್ನೂ ನಂಬುವುದಿಲ್ಲ. ಮೂಲದೊಂದಿಗೆ ಹೋಲಿಸಿ ನೋಡುವ ತನಕ ಅವರ ಪಾಲಿಗೆ ಸೂರ್ಯ ಹುಟ್ಟಿದ್ದೂ ಬರೀ ಒಂದು ಹೇಳಿಕೆ. ನನ್ನ ಮದುವೆಯ ಕರೆಯೋಲೆಯಲ್ಲಿ ತಿಥಿಗೂ ವಾರಕ್ಕೂ ತಾಳೆಯಾಗುತ್ತಿಲ್ಲವೆಂದು ಅದನ್ನು ಷರಾ ಬರೆದು ವಾಪಸು ಕಳಿಸಿದ್ದರು. ಇಪ್ಪತ್ತೆರಡು ವರ್ಷವಾಯಿತು, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವರ ಬಳಿ ಹದಿನೈದು ವರ್ಷ ಹಳೆಯ ಬಿಳಿ ಕಾರೊಂದಿದೆ. ಹೋದ ಬೇಸಿಗೆಯಲ್ಲಿ ಪಾಲಾರಿವಟ್ಟಂನ ಟ್ರಾಫಿಕ್ಕಿನಲ್ಲಿ ನಿಂತಾಗಲೆಲ್ಲ ಅದರ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೇರತೊಡಗಿತು. ರತ್ನಾಕರಣ್ಣ ಹನ್ನೆರಡು ಪುಟ ಟಿಪ್ಪಣಿ ಬರೆದರು. ಮುಳ್ಳು ಇಳಿಯಲಿಲ್ಲ. ಕೊನೆಗೆ ಗೌರಕ್ಕ, “ಬರೆದದ್ದು ಸಾಕು, ಆಯೇಷಾಳಿಗೆ ತೋರಿಸಿ,” ಎಂದರು.

ಆಯೇಷಾ ನಮ್ಮ ಕಾಸರಗೋಡಿನ ಕಡೆಯ ಉಪ್ಪಳದ ಹುಡುಗಿ. ಕಾಕ್ಕನಾಡಿನ ಕಲೆಕ್ಟರೇಟಿನ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದಾಳೆ. ಕನ್ನಡ ಶಾಲೆಯಲ್ಲಿ ಕಲಿತವಳು, ನಮ್ಮ ಜೊತೆ ಕನ್ನಡದಲ್ಲೇ ಮಾತು. ರತ್ನಾಕರಣ್ಣನ ಕಟ್ಟಡದಲ್ಲಿ ಎಪ್ಪತ್ತೆರಡು ಮನೆ, ಹತ್ತಿರಹತ್ತಿರ ಅಷ್ಟೇ ಕಾರು. ಅವಳ ಅರ್ಧ ಕೆಲಸ ಅಲ್ಲಿಂದಲೇ ಬರುತ್ತಿತ್ತು. ಬೆಳಿಗ್ಗೆ ನೆಲಮಾಳಿಗೆಗೆ ಬಂದು ಕಾರು ಒಯ್ಯುತ್ತಾಳೆ, ಸಂಜೆ ತಂದು ನಿಲ್ಲಿಸುತ್ತಾಳೆ. ಅವಳು ರತ್ನಾಕರಣ್ಣನ ಕಾರು ನೋಡಿ, ಥರ್ಮೋಸ್ಟಾಟು ಹಿಡಿದುಕೊಂಡಿದೆ ಎಂದು ಹೇಳಿ, ಹೊಸತು ಹಾಕಿ, ಹಳೆಯದನ್ನು ಅವರ ಕೈಗೇ ಕೊಟ್ಟಳು. ರತ್ನಾಕರಣ್ಣ ಅದನ್ನು ಲಕೋಟೆಗೆ ಹಾಕಿ, ದಾರ ಸುತ್ತಿ, ಅರಗು ಕರಗಿಸಿ ಮುದ್ರೆ ಒತ್ತಿದರು. ಕೊಲೆಗಡುಕನ ಚೂರಿಗೂ ನಮ್ಮ ಪೊಲೀಸರು ಅಷ್ಟು ಮರ್ಯಾದೆ ಕೊಡುವುದಿಲ್ಲ.

ಮರುವಾರ ಅವರು ಗೌರಕ್ಕನನ್ನು ಕೂರಿಸಿಕೊಂಡು ಅದೇ ಕಾರಿನಲ್ಲಿ ತಿರುವನಂತಪುರಕ್ಕೆ ಹೋದರು. ಹಳೆಯ ಸಹೋದ್ಯೋಗಿಗಳ ಸಮಾರಂಭವಿತ್ತು. ಇನ್ನೂರು ಕಿಲೋಮೀಟರು ಓಡಿದರೂ ಮುಳ್ಳು ನಡುಗೆರೆ ಬಿಟ್ಟು ಅಲುಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಆಯೇಷಾಳಿಗೆ ಫೋನು ಮಾಡಿ ಒಂದು ಒಳ್ಳೆಯ ಮಾತು ಹೇಳುತ್ತಿದ್ದರು. ಇವರು ಹದಿಮೂರನೇ ಪುಟದಲ್ಲಿ ‘ಹೋಗುವಾಗ ದೋಷ ಕಂಡುಬರಲಿಲ್ಲ’ ಎಂದು ಬರೆದುಕೊಂಡರು.

ಸಮಾರಂಭದಲ್ಲಿ ಪಕ್ಕ ಕೂತದ್ದು ತಿಮ್ಮಪ್ಪ. ಇವರದೇ ವಿಭಾಗದಲ್ಲಿ ಇವರಿಗಿಂತ ಹೆಚ್ಚು ಸಂಶಯದ ಮನುಷ್ಯ ಎಂದು ಹೆಸರು ಮಾಡಿದವರು. ಕಾರಿನ ಸುದ್ದಿ ಕೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ. “ಹೊಸತು ಹಾಕಿದ್ದಾಳೆ ಅಂತ ಅವಳು ಹೇಳಿದ್ದು ಸರಿ. ನೀವು ಕಣ್ಣಾರೆ ಕಂಡದ್ದು ಹೌದಾ?”

ಅಷ್ಟೇ ಸಾಕಾಯಿತು. ಮರುದಿನ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಅವರು ತಂಗಿದ್ದ ತಂಪಾನೂರಿನ ಲಾಡ್ಜಿನ ಅಂಗಳದಲ್ಲಿ, ಲುಂಗಿ ಎತ್ತಿ ಕಟ್ಟಿ, ಲಾಡ್ಜಿನವರ ಸ್ಪ್ಯಾನರು, ಲಾಡ್ಜಿನವರ ಸ್ನಾನದ ಬಕೆಟ್ಟು ಇಟ್ಟುಕೊಂಡು ರತ್ನಾಕರಣ್ಣ ಪರಿಶೀಲನೆಗೆ ಇಳಿದರು. ಟಾರ್ಚು ಹಿಡಿದದ್ದು ಗೌರಕ್ಕ. ಎರಡು ಬೋಲ್ಟು ಬಿಚ್ಚಿ, ಥರ್ಮೋಸ್ಟಾಟನ್ನು ಹೊರಗೆ ತೆಗೆದು, ತಿರುಗಿಸಿ ಮುರುಗಿಸಿ ನೋಡಿ, ಹೊಸತೇ ಹೌದೆಂದು ಖಚಿತ ಮಾಡಿಕೊಂಡು ವಾಪಸು ಕೂರಿಸಿದರು. ಬಕೆಟ್ಟಿಗೆ ಬಿದ್ದ ನೀರನ್ನು ಅಳೆದು ಅಷ್ಟನ್ನೇ ತುಂಬಿದರು. ಆಮೇಲೆ ಎಲ್ಲವನ್ನೂ ಹದಿನಾಲ್ಕನೇ ಪುಟದಲ್ಲಿ ಬರೆದು ಅಡಿಯಲ್ಲಿ ಒಂದು ಅಚ್ಚುಕಟ್ಟಾದ ನಕ್ಷೆಯನ್ನೂ ಬಿಡಿಸಿದರು.

ವಾಪಸು ಹೊರಟ ಕಾರು ಆಟ್ಟಿಂಗಲ್ ಹತ್ತಿರ ಹಬೆ ಉಗುಳಿ ನಿಂತಿತು.

ಅಲ್ಲಿಂದ ಕಾಕ್ಕನಾಡಿನವರೆಗೆ ಕಾರು ಲಾರಿಯ ಬೆನ್ನಿನ ಮೇಲೆ ಬಂತು. ಡ್ರೈವರನ ಪಕ್ಕದಲ್ಲಿ ಗಂಡಹೆಂಡತಿ ಅಂಟಿಕೊಂಡು ಕೂತಿದ್ದರು, ಗೌರಕ್ಕನ ಮಡಿಲಲ್ಲಿ ತಿಂಡಿಯ ಡಬ್ಬಿ. ದಾರಿಯುದ್ದಕ್ಕೂ ರತ್ನಾಕರಣ್ಣ ಅಲುಗುವ ಕೈಯಲ್ಲಿ ಬರೆಯುತ್ತಲೇ ಇದ್ದರಂತೆ. ಮನೆ ಮುಟ್ಟುವಾಗ ಅಪರಾಧಿ ನಿಶ್ಚಯವಾಗಿದ್ದಳು, ಆಯೇಷಾ. ಹೊಸ ಥರ್ಮೋಸ್ಟಾಟು ಹಾಕಿದ ಹತ್ತು ದಿನದೊಳಗೆ ಇಂಜಿನ್ನು ಕುದಿಯಿತೆಂದರೆ ಹಾಕಿದ್ದು ಕಳಪೆ ಮಾಲು, ಹಾಕಿದವಳು ಮೋಸಗಾತಿ. ಕಾರಿನ ಬಾನೆಟ್ಟಿಗೆ ಅಡ್ಡಲಾಗಿ ದಾರ ಕಟ್ಟಿ ಅದಕ್ಕೂ ಅರಗಿನ ಮುದ್ರೆ ಬಿತ್ತು. ತನಿಖೆ ಮುಗಿಯುವ ತನಕ ಯಾರೂ ಮುಟ್ಟಬಾರದು. ಅವಳು ಓಡಿಬಂದು, “ಸಾರ್, ಒಮ್ಮೆ ತೆರೆದು ನೋಡ್ತೇನೆ,” ಅಂದರೆ, “ಆರೋಪಿಯೇ ಸಾಕ್ಷ್ಯ ಮುಟ್ಟುದಾ?” ಎಂದು ಗದರಿಸಿ ಕಳಿಸಿದರು.

ರತ್ನಾಕರಣ್ಣ ಆ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ. ಬೇರೆ ಯಾರೂ ಅಷ್ಟು ಬರೆಯಲು ಒಪ್ಪದ ಕಾರಣ ಸಿಕ್ಕ ಪದವಿ. ಆಯೇಷಾಳ ಗ್ಯಾರೇಜಿನವರು ಇನ್ನು ಗೇಟಿನೊಳಗೆ ಕಾಲಿಡಕೂಡದು ಎಂಬ ನಿರ್ಣಯವನ್ನು ಮುಂದಿನ ಭಾನುವಾರದ ಸಭೆಗೆ ಇಟ್ಟರು. ಅವಳಿಗೆ ನೋಟೀಸು ಬರೆಯುವ ಕೆಲಸ ನನ್ನ ತಲೆಗೆ ಬಂತು. ಷಡ್ಡಕನೊಬ್ಬ ವಕೀಲನಾದರೆ ಅವನ ಪಾಡು ಊರ ದೇವಸ್ಥಾನದ ಗಂಟೆಯದ್ದೇ, ಬಂದವರೆಲ್ಲ ಒಂದೇಟು ಹೊಡೆದೇ ಹೋಗುತ್ತಾರೆ. ನಾನು ಕಡತ ಪೂರ್ತಿ ಓದಿದೆ. ಹದಿನಾಲ್ಕನೇ ಪುಟವನ್ನೂ ಓದಿದೆ, ನಕ್ಷೆ ನೋಡಿ ನಕ್ಕೆ, ನೋಟೀಸು ಬರೆದೆ, ಕೆಳಗೆ ನನ್ನ ಹೆಸರು ಹಾಕಿ ಸಹಿ ಮಾಡಿದೆ.

ಶುಕ್ರವಾರ ಕೋರ್ಟು ಮುಗಿಸಿ ಕಾಕ್ಕನಾಡಿನ ಬಸ್ಸು ಹತ್ತಿ ಅವಳ ಗ್ಯಾರೇಜಿಗೆ ಹೋದೆ. ಒಂದು ಕ್ಷಮಾಪಣೆ ಬರೆಸಿಕೊಂಡು ಎಲ್ಲ ಮುಗಿಸಿಬಿಡುವ ಎಂದು ನನ್ನ ಲೆಕ್ಕಾಚಾರ.

“ತಪ್ಪು ಮಾಡಿದ್ರೆ ಅಲ್ವಾ ವಕೀಲರೇ ಕ್ಷಮೆ?” ಎಂದಳು. ಅಳುತ್ತಿರಲಿಲ್ಲ, ಆದರೆ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. “ಇಲ್ಲಿ ಕೂತ್ಕೊಳ್ಳಿ. ಇದು ಏನಂತ ಮೊದ್ಲು ನೋಡಿ, ಆಮೇಲೆ ನನ್ನನ್ನು ಮೋಸಗಾತಿ ಅನ್ನಿ.”

ಚಹಾ ಕಾಯಿಸುವ ಪಾತ್ರೆಯಲ್ಲಿ ನೀರಿಟ್ಟು ಒಲೆ ಹಚ್ಚಿದಳು. ಮುಷ್ಟಿಯೊಳಗೆ ಹಿಡಿಯುವಷ್ಟು ದೊಡ್ಡ, ನಡುವೆ ಹಿತ್ತಾಳೆ ಬಣ್ಣದ ಬಟ್ಟಲು, ಒಂದು ಬದಿಗೆ ಸ್ಪ್ರಿಂಗು ಇರುವ ಒಂದು ಥರ್ಮೋಸ್ಟಾಟನ್ನು ತಂತಿಗೆ ಕಟ್ಟಿ ಅದರೊಳಗೆ ಇಳಿಬಿಟ್ಟಳು.

“ಇಂಜಿನ್ನು ತಣ್ಣಗಿರುವಾಗ ಈ ಬಾಗಿಲು ಮುಚ್ಚಿರ್ತದೆ. ನೀರು ಇಂಜಿನ್ನಿನ ಒಳಗೇ ಸುತ್ತಿ ಬೇಗ ಬಿಸಿಯಾಗ್ತದೆ. ಇಂಜಿನ್ನಿಗೂ ಸ್ವಲ್ಪ ಬಿಸಿ ಬೇಕಲ್ಲ. ಈ ಬಟ್ಟಲಿನೊಳಗೆ ಮೇಣ ಉಂಟು. ಎಂಬತ್ತೆರಡು ಡಿಗ್ರಿಗೆ ಅದು ಕರಗಿ ಉಬ್ಬಿ ಬಾಗಿಲು ತಳ್ತದೆ. ಆಗ ನೀರು ರೇಡಿಯೇಟರಿಗೆ ಹೋಗಿ ತಣಿದು ಬರ್ತದೆ. ನೋಡಿ, ನೋಡಿ.”

ನೀರು ಕುದಿಯುವ ಮೊದಲೇ ಬಾಗಿಲಿನಂತಿದ್ದ ಬಿಲ್ಲೆ ಮೆಲ್ಲಗೆ ಎದ್ದು ಸುತ್ತಲೂ ಸಂದು ಬಿಟ್ಟಿತು. ಒಲೆ ಆರಿಸಿದಳು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಮುಚ್ಚಿಕೊಂಡಿತು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಇಷ್ಟು ವರ್ಷ ಕಾರು ಓಡಿಸಿದ್ದೇನೆ, ಒಳಗೆ ಇಂಥದ್ದೊಂದು ಕೂತು ಬಾಗಿಲು ಕಾಯುತ್ತಿದೆ ಎಂದು ಗೊತ್ತಿರಲಿಲ್ಲ.

“ಹಾಕುವಾಗ ಒಂದೇ ನೆನಪಿಡ್ಬೇಕು,” ಎಂದಳು. “ಸ್ಪ್ರಿಂಗಿನ ಬದಿ ಇಂಜಿನ್ನಿನ ಕಡೆಗೇ ಇರ್ಬೇಕು. ಮೇಣ ಇರುದು ಅಲ್ಲಿ. ತಿರುಗಿಸಿ ಹಾಕಿದ್ರೆ ಇಂಜಿನ್ನು ಬೆಂದು ಹೋದ್ರೂ ಇದಕ್ಕೆ ಸುದ್ದಿ ಮುಟ್ಟುದಿಲ್ಲ. ನಾನು ಹಾಕಿದ್ದು ಇನ್ನೂರು ಕಿಲೋಮೀಟರು ಓಡಿದೆ. ಬರುವಾಗ ಮಾತ್ರ ಕುದಿಯುದು ಹೇಗೆ? ವಕೀಲರೇ, ನಡುವೆ ಯಾರಾದ್ರೂ ಬಿಚ್ಚಿದ್ದಾರಾ?”

ನನ್ನ ಕಣ್ಣಮುಂದೆ ಹದಿನಾಲ್ಕನೇ ಪುಟದ ನಕ್ಷೆ ಬಂತು. ಬಾಣದ ಗುರುತು ಸಮೇತ. ‘ಸ್ಪ್ರಿಂಗಿನ ಬದಿ ರೇಡಿಯೇಟರ್ ಹೋಸಿನ ಕಡೆಗೆ.’

“ನನಗೆ ಗೊತ್ತಿಲ್ಲ,” ಎಂದೆ.

“ಭಾನುವಾರ ಅವರು ಗೇಟು ಮುಚ್ಚಿದ್ರೆ ನಾನು ಶಟರು ಎಳೆದು ಉಪ್ಪಳಕ್ಕೆ ಹೋಗುದೇ. ಒಂದು ಕಟ್ಟಡದವರು ಮೋಸಗಾತಿ ಅಂದ್ರೆ ಪಕ್ಕದವರೂ ಕಾರು ಕೊಡುದಿಲ್ಲ.” ಅವಳು ಪಾತ್ರೆ ತೊಳೆದು, ಹೊಸ ನೀರಿಟ್ಟು ಅದರಲ್ಲೇ ನನಗೆ ಚಹಾ ಮಾಡಿದಳು. ನಾನು ಕುಡಿದೆ ಕೂಡ.

ಅಲ್ಲಿಂದ ನೇರ ರತ್ನಾಕರಣ್ಣನ ಮನೆಗೆ ಹೋದೆ. ನೀವೇ ಉಲ್ಟಾ ಹಾಕಿದ್ದೀರಿ ಎಂದು ಮುಖಕ್ಕೆ ಹೇಳಬೇಕಿತ್ತು. ಹೇಳಿದರೆ ಏನಾಗುತ್ತಿತ್ತು? ಅವರು ನಂಬುತ್ತಿರಲಿಲ್ಲ, ಅದು ಒಂದು. ನಂಬಿದರೆ ನೋಟೀಸಿನ ಕೆಳಗೆ ಇರುವ ಹೆಸರು ನನ್ನದು. ಓದಿಯೂ ತಿಳಿಯದ ವಕೀಲ ಎಂದು ಎರ್ನಾಕುಲಂನ ಕನ್ನಡಿಗರೆಲ್ಲ ನಗುತ್ತಾರೆ. ಮೇಲಿಂದ ವಿನೋದಾಳಿಗೆ ಅಕ್ಕನ ಮನೆಯ ಮಾನ. ರತ್ನಾಕರಣ್ಣ ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ಹೊತ್ತಿಗೆ ನಾನು ಮೇಜಿನ ಮೇಲಿದ್ದ ಕಡತದಿಂದ ಹದಿನಾಲ್ಕನೇ ಪುಟ ಎಳೆದು, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗೆ ಹಾಕಿಕೊಂಡೆ. ಅಡುಗೆಮನೆಯಿಂದ ಗೌರಕ್ಕ, “ಶಂಭು, ಊಟ ಮಾಡಿಯೇ ಹೋಗು,” ಎಂದರು. ಅದನ್ನೂ ಮಾಡಿದೆ. ಚಪಾತಿ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ನೆಲಮಹಡಿಯ ಹಾಲಿನಲ್ಲಿ ಸಭೆ. ನಲವತ್ತು ಜನ ಬಂದಿದ್ದರು, ನೋಟೀಸು ಬರೆದ ವಕೀಲನೆಂದು ನಾನೂ. ಅಧ್ಯಕ್ಷ ಶ್ರೀಹರಿ, ಬ್ಯಾಂಕಿನಿಂದ ನಿವೃತ್ತರಾದವರು, ಬೇಗ ಮುಗಿಸಿ ಹೊರಡುವ ಆತುರದಲ್ಲಿ ವಾಚು ನೋಡುತ್ತಿದ್ದರು. ಆಯೇಷಾ ಕೊನೆಯ ಸಾಲಿನಲ್ಲಿ ಒಂದು ಚೀಲ ಹಿಡಿದು ಕೂತಿದ್ದಳು. ಮಾತೆಲ್ಲ ಮಲೆಯಾಳದಲ್ಲಿ. ರತ್ನಾಕರಣ್ಣನ ಕಡತವೋ ಕನ್ನಡದಲ್ಲಿ. ಅದೇನು ಅವರಿಗೆ ದೊಡ್ಡ ವಿಷಯವೇ? ಎದ್ದು ನಿಂತು, ಕನ್ನಡಕ ಏರಿಸಿ, ಒಂದೊಂದೇ ಸಾಲನ್ನು ಕಣ್ಣಲ್ಲಿ ಕನ್ನಡವಾಗಿ ಓದುತ್ತ ಬಾಯಲ್ಲಿ ಮಲೆಯಾಳವಾಗಿ ಹೇಳತೊಡಗಿದರು. ಮೂವತ್ತೊಂದು ವರ್ಷದ ಅಭ್ಯಾಸ. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ತಾನು ಹೇಳುತ್ತಿರುವುದು ಏನೆಂದು ಅವರಿಗೆ ಕೇಳಿಸುವುದೂ ಇಲ್ಲ.

ಹದಿಮೂರು ಪುಟ ಮುಗಿಯಿತು. ಹಾಳೆ ಮಗುಚಿದರು. ನಿಂತರು. ಮತ್ತೆ ಹಿಂದೆ ಮಗುಚಿದರು.

“ಹದಿನಾಲ್ಕು ಇಲ್ಲ,” ಎಂದರು.

“ಒಂದು ಪುಟ ತಾನೇ ಅಣ್ಣ,” ನಾನು ಕೂತಲ್ಲಿಂದ ಕನ್ನಡದಲ್ಲಿ ಮೆಲ್ಲಗೆ ಹೇಳಿದೆ. “ಮುಂದೆ ಓದಿ.”

ಅವರು ನನ್ನನ್ನು ನೋಡಿದ ರೀತಿ! “ಎಂತ ಮಾತು ಶಂಭು ಇದು? ನೀನು ವಕೀಲನಾ? ಪುಟ ಬಿಟ್ಟ ಕಡತ ಕಡತವಾ? ಅದರಲ್ಲಿ ಅವಳಿಗೆ ಉಪಯೋಗ ಆಗುವಂಥದ್ದು ಇದ್ರೆ? ಎದುರು ಪಕ್ಷದವರಿಗೆ ಪೂರ್ತಿ ಕಡತ ಕೇಳುವ ಹಕ್ಕುಂಟು.”

ಶ್ರೀಹರಿ, ಪರವಾಗಿಲ್ಲ ಮುಂದುವರಿಸಿ ಸಾರ್ ಎಂದರು. ಎರಡನೇ ಸಾಲಿನಿಂದ ಒಬ್ಬರು ಮತಕ್ಕೆ ಹಾಕಿಬಿಡಿ ಎಂದರು. ಕೈಯೆತ್ತಿದ್ದರೆ ಎರಡು ನಿಮಿಷದಲ್ಲಿ ಆಯೇಷಾಳ ಕತೆ ಮುಗಿಯುತ್ತಿತ್ತು. ರತ್ನಾಕರಣ್ಣ ಒಪ್ಪಲಿಲ್ಲ. ಸೊಂಟದ ಬೀಗದ ಕೈ ಬಿಚ್ಚಿ ಗೌರಕ್ಕನಿಗೆ ಕೊಟ್ಟು, “ಕಪಾಟಿನಿಂದ ಆಫೀಸ್ ಕಾಪಿ ತಾ,” ಎಂದರು. ಗೌರಕ್ಕ ಲಿಫ್ಟು ಹತ್ತಿ ಹೋಗಿ ಬರುವ ತನಕ ನಲವತ್ತು ಜನ ಕಾದರು. ವಿನೋದಾಳ ಕಣ್ಣಿಗೆ ಬೀಳದಿರಲೆಂದು ಆ ಪುಟವನ್ನು ಇವತ್ತೂ ಜೇಬಲ್ಲೇ ತಂದಿದ್ದೆ. ಜೇಬಿನ ಮೇಲೆ ನನ್ನ ಕೈ ತಾನಾಗಿಯೇ ಹೋಗಿತ್ತು, ಕೈ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡೆ.

ಕಾರ್ಬನ್ನಿನ ನೀಲಿ ಅಕ್ಷರಗಳನ್ನು ಅವರು ಅದೇ ದನಿಯಲ್ಲಿ ಅನುವಾದಿಸಿದರು. ಸ್ಥಳ, ತಂಪಾನೂರ್. ತಿಮ್ಮಪ್ಪನವರ ಸಂಶಯದ ಮೇರೆಗೆ ಖುದ್ದು ಪರಿಶೀಲನೆ. ಎರಡು ಬೋಲ್ಟು ಬಿಚ್ಚಲಾಯಿತು. ಭಾಗ ಹೊಸದೆಂದು ಖಚಿತವಾಯಿತು. ಪುನಃ ಅಳವಡಿಸಲಾಯಿತು, ಸ್ಪ್ರಿಂಗಿನ ಬದಿ ರೇಡಿಯೇಟರ್ ಹೋಸಿನ ಕಡೆಗೆ. ಬೆಳಕು ಹಿಡಿದವರು, ಶ್ರೀಮತಿ ಗೌರಿ.

“ಸಾರ್.” ಆಯೇಷಾ ಎದ್ದು ನಿಂತಿದ್ದಳು. ಕನ್ನಡದಲ್ಲೇ ಕೇಳಿದಳು. “ಆ ಸ್ಪ್ರಿಂಗಿನ ಸಾಲು ಇನ್ನೊಮ್ಮೆ ಓದಿ.”

ಓದಿದರು. ಅವಳು ಮುಂದೆ ಬಂದು, ಚೀಲದಿಂದ ಒಂದು ಥರ್ಮೋಸ್ಟಾಟು ತೆಗೆದು ಅವರ ಅಂಗೈಯಲ್ಲಿಟ್ಟು, ಮೇಣ ಎಲ್ಲಿದೆ, ಬಿಸಿನೀರು ಯಾವ ಕಡೆಯಿಂದ ಬರುತ್ತದೆ, ತಿರುಗಿಸಿ ಹಾಕಿದರೆ ಏನಾಗುತ್ತದೆ ಎಂದು ನನಗೆ ಹೇಳಿದ್ದನ್ನೇ ಹೇಳಿದಳು. ದನಿ ಏರಿಸಲಿಲ್ಲ. ರತ್ನಾಕರಣ್ಣ ಅದನ್ನು ಒಮ್ಮೆ ನೋಡಿದರು, ನಕ್ಷೆಯನ್ನು ಒಮ್ಮೆ ನೋಡಿದರು. ಮೂಲದೊಂದಿಗೆ ಹೋಲಿಸುತ್ತಿದ್ದರು, ಪಾಪ. ಆಮೇಲೆ ಕನ್ನಡಕ ತೆಗೆದು ಒರೆಸಿದರು. ಎಷ್ಟು ಒರೆಸಿದರೂ ಮುಗಿಯಲಿಲ್ಲ.

“ಕೆಳಗೆ ಹೋಗುವ,” ಎಂದರು.

ಎಲ್ಲರೂ ನೆಲಮಾಳಿಗೆಗೆ ಇಳಿದೆವು. ಬಾನೆಟ್ಟಿನ ಅರಗನ್ನು ಅವರೇ ಉಗುರಿನಿಂದ ಕೆರೆದು ತೆಗೆದರು. ಆಯೇಷಾ ಎರಡು ಬೋಲ್ಟು ಬಿಚ್ಚಿದಳು. ಸ್ಪ್ರಿಂಗು ಹೊರಮುಖವಾಗಿ ಎಲ್ಲರಿಗೂ ಕಾಣುವಂತೆ ಕೂತಿತ್ತು. ಅವಳು ತೆಗೆದು, ತಿರುಗಿಸಿ ಕೂರಿಸಿ, ನೀರು ತುಂಬಿ, ಇಂಜಿನ್ನು ಚಾಲೂ ಮಾಡಿದಳು. ಹದಿನೈದು ನಿಮಿಷ ನಿಂತೆವು. ಮುಳ್ಳು ನಡುಗೆರೆಗೆ ಬಂದು ನಿಂತಿತು, ಅಲ್ಲಿಂದ ಅಲುಗಲಿಲ್ಲ. ಶ್ರೀಹರಿ ವಾಚು ನೋಡುವುದನ್ನು ಮರೆತಿದ್ದರು.

“ತಪ್ಪು ನನ್ನದು,” ಎಂದು ರತ್ನಾಕರಣ್ಣ ಅವಳಿಗೆ ಕನ್ನಡದಲ್ಲಿ ಹೇಳಿದರು. ಮತ್ತೆ ಜನರ ಕಡೆ ತಿರುಗಿ ಅದನ್ನೇ ಮಲೆಯಾಳದಲ್ಲಿ ಹೇಳಿದರು. “ಆಯೇಷಾಳ ಕೆಲಸದಲ್ಲಿ ದೋಷವಿಲ್ಲ. ದೂರು ಸುಳ್ಳು. ನಿರ್ಣಯ ಹಿಂದೆ ತೆಗೆದುಕೊಳ್ತೇನೆ, ಕಾರ್ಯದರ್ಶಿ ಸ್ಥಾನಕ್ಕೆ ರಾಜೀನಾಮೆಯನ್ನೂ ಕೊಡ್ತೇನೆ.” ಮುಖ ಕೆಂಪಾಗಿತ್ತು, ಆದರೆ ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಗೌರಕ್ಕ ಹೋಗಿ ಅವರ ಪಕ್ಕ ನಿಂತರು. “ಟಾರ್ಚು ಹಿಡಿದದ್ದು ನಾನು,” ಎಂದು ಆಯೇಷಾಳಿಗೆ ಹೇಳಿದರು. “ನನ್ನದೂ ತಪ್ಪೇ ಮಗಳೇ.”

ಅಲ್ಲಿಗೆ ಮುಗಿದಿದ್ದರೆ ಇದನ್ನು ನಾನು ಖುಷಿಯಿಂದ ಎಲ್ಲ ಮದುವೆಮನೆಗಳಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

“ಇನ್ನೊಂದು ಉಂಟು,” ಎಂದರು ರತ್ನಾಕರಣ್ಣ. “ಮೂಲ ಪುಟ ಎಲ್ಲಿ? ಗುರುವಾರ ನಾನು ಎಣಿಸಿಟ್ಟಿದ್ದೆ. ಆಮೇಲೆ ಮನೆಗೆ ಬಂದವನು ನೀನೊಬ್ಬನೇ ಶಂಭು.”

ಕೋರ್ಟಿನಲ್ಲಿ ಸಾಕ್ಷಿಗಳನ್ನು ತಡವರಿಸುವಂತೆ ಮಾಡಿ ಬದುಕುವವನು ನಾನು. ಒಂದು ಸುಳ್ಳೂ ಹೊಳೆಯಲಿಲ್ಲ. ಜೇಬಿನಿಂದ ಹಾಳೆ ತೆಗೆದು ಬಿಡಿಸಿ ಕೊಟ್ಟೆ. ಅವರು ಮಡಿಕೆಗಳನ್ನು ಬೆರಳಲ್ಲಿ ಒತ್ತಿ ಸರಿಮಾಡಿದರು. ಮಾತಾಡಿದವಳು ಆಯೇಷಾ.

“ವಕೀಲರೇ, ನಡುವೆ ಯಾರಾದ್ರೂ ಬಿಚ್ಚಿದ್ದಾರಾ ಅಂತ ನಾನು ಅವತ್ತು ಕೇಳಿದ್ನಲ್ಲ.”

ಉತ್ತರಕ್ಕೆ ಕಾಯದೆ ಸ್ಪ್ಯಾನರು ಒರೆಸಿ ಚೀಲಕ್ಕೆ ಹಾಕಿಕೊಂಡು ಹೋದಳು. ಈಗಲೂ ಅವಳು ಆ ಕಟ್ಟಡಕ್ಕೆ ದಿನಾ ಬೆಳಿಗ್ಗೆ ಬರುತ್ತಾಳೆ. ರತ್ನಾಕರಣ್ಣನ ಕಾರಿನ ಕೀಲಿಕೈ ಒಂದು ಅವಳ ಹತ್ತಿರವೇ ಇರುತ್ತದೆ. ನನ್ನ ಕಾರನ್ನು ಕಳಿಸಿದರೆ ಮಾತ್ರ, ಕೆಲಸ ತುಂಬ ಉಂಟು ಎಂದು ವಾಪಸು ಕಳಿಸುತ್ತಾಳೆ.

ಆ ಸಂಜೆ ರತ್ನಾಕರಣ್ಣ ನನ್ನನ್ನು ಮನೆಗೆ ಕರೆಸಿದರು. ಮೇಜಿನ ಮೇಲೆ ಕಡತ, ಅದರ ಕೊನೆಯಲ್ಲಿ ಹೊಸ ಹಾಳೆ, ಬಲಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಮೂವತ್ತೊಂದು. ‘ದೂರು ಆಧಾರರಹಿತ. ತಪ್ಪು ಕಡತ ತೆರೆದವನದು. ಪುಟ ಹದಿನಾಲ್ಕನ್ನು ವಕೀಲ ಶಂಭು ಯಾರಿಗೂ ತಿಳಿಸದೆ ತೆಗೆದಿದ್ದರು, ಸಭೆಯ ಮುಂದೆ ವಾಪಸು ಕೊಟ್ಟರು. ಮಡಿಕೆಯ ಗುರುತುಗಳಿವೆ.’

“ಓದಿ ಸಹಿ ಹಾಕು,” ಎಂದರು. “ಏನಾದ್ರೂ ಆಕ್ಷೇಪ ಇದ್ರೆ ಬರಿ, ಜಾಗ ಬಿಟ್ಟಿದ್ದೇನೆ.”

ಎರಡು ಸಲ ಓದಿದೆ. ಬಿಟ್ಟ ಜಾಗ ದೊಡ್ಡದಿತ್ತು. ಅದನ್ನು ಹಾಗೇ ಖಾಲಿ ಬಿಟ್ಟೆ. ಸಹಿ ಹಾಕುವಾಗ ಪೆನ್ನಿನ ಅಡಿಯಲ್ಲಿ ಹಾಳೆ ಸ್ವಲ್ಪ ಮೆತ್ತಗೆ ಅನಿಸಿತು. ಹಾಳೆಯ ಕೆಳಗೆ ಕಾರ್ಬನ್ ಇತ್ತು, ಅದರ ಕೆಳಗೆ ಆಫೀಸ್ ಕಾಪಿ.